ಸಂಗೀತಾಚಾರ್ಯ ಪಂಡಿತ ಓಂಕಾರನಾಥ ಠಾಕೂರರು

ಶಾಲೆಯ ವೇಳಾಪತ್ರಿಕೆಯಲ್ಲಿ ಸಂಗೀತಕ್ಕೆ ಒಂದು ತಾಸು ಇರುವುದನ್ನು ಕಂಡು ಇಂದು ಯಾರೂ ಆಶ್ಚರ್ಯಪಡುವುದಿಲ್ಲ. ಗಣಿತ, ವಿಜ್ಞಾನ, ಇತಿಹಾಸಗಳಂತೆ ಸಂಗೀತವನ್ನೂ ಅಭ್ಯಾಸ ಮಾಡಿ ಪದವಿ ಪಡೆಯಬಹುದು, ಅದರಲ್ಲಿ ಸಂಶೋಧನೆ ಮಾಡಿ ಡಾಕ್ಟರೇಟ್ ಗಳಿಸಬಹುದು, ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಬಹುದು. ಆದರೆ ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಹೀಗಿರಲಿಲ್ಲ. ಉತ್ತರ ಹಿಂದುಸ್ತಾನದಲ್ಲಿ ಸಂಗೀತವು ರಾಜರ ದರಬಾರುಗಳಲ್ಲಿ, ಕೆಲವು ಮನೆತನಗಳಲ್ಲಿ ಬಚ್ಚಿಟ್ಟ ಗಂಟಿನಂತೆ ಇತ್ತು. ಆ ವಿದ್ಯೆ ಬೇಕಾದವನು ಉಸ್ತಾದರ ಮನೆಯಲ್ಲಿ ವರ್ಷಗಟ್ಟಲೆ ಸೇವೆ ಮಾಡಬೇಕಾಗಿತ್ತು. ಹಾಡುವುದನ್ನು ಉದ್ಯೋಗವಾಗಿ ಹಿಡಿದವನಿಗೆ ಹೆಣ್ಣು ಕೊಡಲು ಕೂಡ ಗೃಹಸ್ಥರು ಹಿಂದೆಮುಂದೆ ನೋಡುತ್ತಿದ್ದರು.

ಈ ಸ್ಥಿತಿಯಿಂದ ಸಂಗೀತವನ್ನು ಎತ್ತಿ ತಂದು ವಿಶ್ವವಿದ್ಯಾಲಯದ ಅಂಗಳದಲ್ಲಿ ಮಣೆ ಹಾಕಿ ಕೂಡಿಸಿದ ಮಹನೀಯರು ಹಲವರು. ಅವರಲ್ಲಿ ಪಂಡಿತ ಓಂಕಾರನಾಥ ಠಾಕೂರರ ಹೆಸರು ಮುಖ್ಯವಾದುದು. ಅವರು ಗುಜರಾತದಲ್ಲಿ ಹುಟ್ಟಿದವರು, ಕಾಶಿಯಲ್ಲಿ ಪಾಠ ಹೇಳಿದವರು. ಆದರೂ ಅವರ ವಿದ್ಯೆಯ ಬೇರು ನಮ್ಮ ಜತ್ತ ಸೀಮೆಯಿಂದ ಬಹಳ ದೂರವೇನಿಲ್ಲ. ಅದು ಕೃಷ್ಣಾ ತೀರದಲ್ಲಿಯೇ ಇದೆ. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇವೆ. ಬಡತನದ ತಳದಿಂದ ಮೇಲೆದ್ದು ಬಂದ ಈ ಆಚಾರ್ಯರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಓದಬೇಕೆಂಬುದು ನಮ್ಮ ಆಶೆ.

ಬಾಲ್ಯದ ಬವಣೆ

ಓಂಕಾರನಾಥರು ಹುಟ್ಟಿದ್ದು 1897ನೆಯ ಇಸವಿ ಜೂನ್ 24ರಂದು, ಗುಜರಾತದ ಖಂಭಾತದ ಹತ್ತಿರದ ಜಹಾಜ ಎಂಬ ಹಳ್ಳಿಯಲ್ಲಿ. ತಂದೆ ಗೌರೀಶಂಕರ ಠಾಕೂರರು. ಅಜ್ಜ ಮಹಾಶಂಕರ ಠಾಕೂರರು 1857ರ ಸ್ವಾತಂತ್ರ್ಯ ಸಮರದಲ್ಲಿ ನಾನಾಸಾಹೇಬ ಪೇಶವೆಯವರ ಪಕ್ಷದಲ್ಲಿ ಹೋರಾಡಿದವರೆಂದು ಹೆಸರಾಗಿದ್ದರು. ತಂದೆ ಬಡೋದೆಯ ಮಹಾರಾಣಿ ಜಮನಾಬಾಯಿಯವರ ಸೇವೆಯಲ್ಲಿದ್ದರು. ಮುಂದೆ ಒಬ್ಬ ಯೋಗಿಯ ಸಹವಾಸದಿಂದ ಅವರ ಮನಸ್ಸು ಪ್ರಣವದ ಉಪಾಸನೆಯ ಕಡೆಗೆ ತಿರುಗಿತು. ಪ್ರಣವವೆಂದರೆ ಓಂಕಾರ. ನಾಲ್ಕನೆಯ ಮಗುವಿಗೆ ಅದೇ ಹೆಸರನ್ನಿಟ್ಟರು.

ತಂದೆಯ ವೈರಾಗ್ಯ ಬೆಳೆದಂತೆ ಮನೆಯ ಬಡತನವೂ ಬೆಳೆಯಿತು. 1900ರ ಸುಮಾರಿಗೆ ಕುಟುಂಬವು ನರ್ಮದಾ ತೀರದ ಭರೂಚ ಪಟ್ಟಣಕ್ಕೆ ಬಂದು ನೆಲೆಸಿತು. ತಂದೆ ನದಿಯ ದಂಡೆಯ ಮೇಲೆ ಗುಡಿಸಲು ಹಾಕಿಕೊಂಡು ಜಪತಪಗಳಲ್ಲಿ ಮುಳುಗಿದರು. ಮಕ್ಕಳ ಹೊಟ್ಟೆಯ ಭಾರವೆಲ್ಲ ತಾಯಿ ಝವೇರಬಾ ಅವರ ಮೇಲೆ ಬಿದ್ದಿತು. ಆ ತಾಯಿ ಕಂಡವರ ಮನೆಯಲ್ಲಿ ಮುಸುರೆ ತಿಕ್ಕಿ, ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದಳು. ಬಾಲಕ ಓಂಕಾರನಾಥನೂ ಸುಮ್ಮನೆ ಕೂಡಲಿಲ್ಲ. ಕೆಲವು ಕಾಲ ಗಿರಣಿಯಲ್ಲಿ ದುಡಿದನು; ಕೆಲವು ಕಾಲ ಉಳ್ಳವರ ಮನೆಯಲ್ಲಿ ಅಡಿಗೆಯ ಕೆಲಸ ಮಾಡಿದನು; ರಾಮಲೀಲೆಯ ಮೇಳದಲ್ಲಿ ಸೇರಿ ಪಾತ್ರ ಕಟ್ಟಿದನು. ಇದರ ನಡುವೆ ಬಿಡುವು ದೊರೆತಾಗಲೆಲ್ಲ ತಂದೆಯ ಗುಡಿಸಲಿಗೆ ಹೋಗಿ ಅವರ ಸೇವೆ ಮಾಡುತ್ತಿದ್ದನು.

ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತುವ ಭಾಗ್ಯ ಆ ಹುಡುಗನಿಗೆ ಒದಗಲಿಲ್ಲ. ಆದರೆ ದೇವರು ಒಂದು ಸೊತ್ತನ್ನು ಕೊಟ್ಟಿದ್ದನು. ಅದು ಅವನ ಕಂಠ. ಊರಲ್ಲಿ ಎಲ್ಲಿ ಭಜನೆ ನಡೆದರೂ, ಎಲ್ಲಿ ಕೀರ್ತನೆಯಾದರೂ ಹುಡುಗ ಅಲ್ಲಿ ಹಾಜರು. ಒಮ್ಮೆ ಕೇಳಿದ ಹಾಡು ಅವನ ಬಾಯಲ್ಲಿ ನಿಲ್ಲುತ್ತಿತ್ತು.

ಆ ಕಂಠವನ್ನು ಗುರುತಿಸಿದವರು ಭರೂಚದ ಒಬ್ಬ ಪಾರ್ಸಿ ಗೃಹಸ್ಥರು, ಶಾಪುರಜಿ ಮಂಚೇರಜಿ ಡುಂಗಾಜಿ ಎಂಬವರು. ಈ ಹುಡುಗನು ತಕ್ಕ ಗುರುವಿನ ಕೈಗೆ ಸಿಕ್ಕದಿದ್ದರೆ ಒಂದು ರತ್ನ ಮಣ್ಣುಪಾಲಾದೀತೆಂದು ಅವರಿಗೆ ಅನಿಸಿತು. ಅವರೇ ಮುಂದೆ ನಿಂತು ಓಂಕಾರನಾಥನನ್ನೂ ಅವನ ತಮ್ಮ ರಮೇಶಚಂದ್ರನನ್ನೂ ಮುಂಬಯಿಗೆ ಕಳಿಸಿಕೊಟ್ಟರು. ಹುಡುಗನಿಗೆ ಆಗ ಹನ್ನೆರಡು ಹದಿಮೂರು ವರ್ಷ. ಜಾತಿ ಬೇರೆ, ಧರ್ಮ ಬೇರೆ, ರಕ್ತಸಂಬಂಧ ಒಂದಿನಿತೂ ಇಲ್ಲ. ಆದರೂ ಬಡವನ ಮಗನೊಬ್ಬನ ವಿದ್ಯೆಗೆ ದಾರಿ ಮಾಡಿಕೊಟ್ಟ ಆ ಪಾರ್ಸಿ ಗೃಹಸ್ಥರನ್ನು ನಾವು ಮರೆಯಬಾರದು.

ಗುರು ವಿಷ್ಣು ದಿಗಂಬರರು

ಮುಂಬಯಿಯಲ್ಲಿ ಓಂಕಾರನಾಥರಿಗೆ ದೊರೆತ ಗುರುಗಳು ಪಂಡಿತ ವಿಷ್ಣು ದಿಗಂಬರ ಪಲುಸ್ಕರರು. ನಾವು ಮೊದಲೇ ಹೇಳಿದ ಕೃಷ್ಣಾ ತೀರದ ಬೇರು ಇಲ್ಲಿದೆ. ವಿಷ್ಣು ದಿಗಂಬರರು 1872ರಲ್ಲಿ ಹುಟ್ಟಿದ್ದು ಕುರುಂದವಾಡದಲ್ಲಿ. ನರಸೋಬಾನ ವಾಡಿಗೆ ದತ್ತ ದರ್ಶನಕ್ಕೆ ಹೋದವರೆಲ್ಲ ಆ ಊರನ್ನು ಕಂಡೇ ಇರುತ್ತಾರೆ. ಚಿಕ್ಕಂದಿನಲ್ಲಿ ಪಟಾಕಿ ಸಿಡಿದು ಅವರ ಕಣ್ಣಿನ ದೃಷ್ಟಿ ಕುಂದಿತು. ಓದಿನ ದಾರಿ ಮುಚ್ಚಿದ್ದರಿಂದ ಅವರನ್ನು ಸಂಗೀತಕ್ಕೆ ಹಾಕಿದರು. ಅವರು ವಿದ್ಯೆ ಕಲಿತದ್ದು ನಮ್ಮ ಸಾಂಗಲಿ ಜಿಲ್ಲೆಯ ಮಿರಜದಲ್ಲಿ, ಬಾಳಕೃಷ್ಣಬುವಾ ಇಚಲಕರಂಜೀಕರರ ಬಳಿಯಲ್ಲಿ. ಗ್ವಾಲೇರದ ಗಾಯಕಿಯನ್ನು ಈ ಕಡೆಗೆ ತಂದು ನೆಟ್ಟವರು ಬಾಳಕೃಷ್ಣಬುವಾ ಅವರೇ. ಅದೇ ಬುವಾ ಅವರ ಇನ್ನೊಬ್ಬ ಶಿಷ್ಯರಾದ ನೀಲಕಂಠಬುವಾ ಆಲೂರಮಠರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರಿಗೆ ಮಿರಜದಲ್ಲಿ ಪಾಠ ಹೇಳಿದರು. ಹೀಗೆ ಗುಜರಾತದ ಓಂಕಾರನಾಥರೂ ಕನ್ನಡ ನಾಡಿನ ಮನಸೂರರೂ ಒಂದೇ ಮರದ ಎರಡು ಟೊಂಗೆಗಳೆನ್ನಬಹುದು. ಪಂಢರಪುರದ ಸುತ್ತಿನ ಹೊಲಗಳಲ್ಲಿ ಬೆಳೆದ ಸೋರೆಯ ಬುರುಡೆಗಳು ಮಿರಜಕ್ಕೆ ಬಂದು ತಂಬೂರಿಗಳಾಗಿ ದೇಶದ ಎಲ್ಲ ಕಡೆಗೆ ಹೋಗುವಂತೆ, ಮಿರಜದ ವಿದ್ಯೆಯೂ ದೂರದ ನಾಡುಗಳಿಗೆ ಹೋಯಿತು.

ವಿಷ್ಣು ದಿಗಂಬರರು ಬರೀ ಗಾಯಕರಾಗಿ ಉಳಿಯಲಿಲ್ಲ. ಸಂಗೀತವು ಅರಮನೆಯಿಂದ ಹೊರಗೆ ಬಂದು ಸಾಮಾನ್ಯರ ಮನೆಯನ್ನು ಸೇರಬೇಕು, ಸಂಗೀತಗಾರನಿಗೆ ಸಮಾಜದಲ್ಲಿ ಮರ್ಯಾದೆ ದೊರೆಯಬೇಕು ಎಂಬುದು ಅವರ ವ್ರತವಾಗಿತ್ತು. 1901ರಲ್ಲಿ ಅವರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಫೀ ಕೊಟ್ಟು ಯಾರಾದರೂ ಬಂದು ಕಲಿಯಬಹುದು; ಪಾಠಕ್ಕೆ ಪುಸ್ತಕ ಉಂಟು, ಸ್ವರಲಿಪಿ ಉಂಟು, ಪರೀಕ್ಷೆ ಉಂಟು. ಆ ಕಾಲಕ್ಕೆ ಇದು ದೊಡ್ಡ ಸಾಹಸ. 1908ರಲ್ಲಿ ಅವರು ಮುಂಬಯಿಯಲ್ಲಿಯೂ ವಿದ್ಯಾಲಯವನ್ನು ತೆರೆದರು. ಬಡ ಹುಡುಗರನ್ನು ಅಲ್ಲಿಯೇ ಇರಿಸಿಕೊಂಡು, ಅನ್ನವಸ್ತ್ರ ಕೊಟ್ಟು, ಮುಂದೆ ಸಂಗೀತ ಶಿಕ್ಷಕರಾಗುವಂತೆ ತಯಾರು ಮಾಡುತ್ತಿದ್ದರು. ಓಂಕಾರನಾಥನು ಸೇರಿದ್ದು ಆ ಪಂಕ್ತಿಯಲ್ಲಿ.

ಗುರುಗಳ ಶಿಸ್ತು ಕಠಿಣವಾಗಿತ್ತು. ನಸುಕಿನಲ್ಲಿ ಏಳಬೇಕು, ತಂಬೂರಿಯ ಶ್ರುತಿಗೆ ಸ್ವರ ಹಿಡಿಯಬೇಕು, ಗುರುಸೇವೆ ಮಾಡಬೇಕು, ತನಗಿಂತ ಚಿಕ್ಕವರಿಗೆ ಪಾಠ ಹೇಳಬೇಕು. ಬಡತನದಲ್ಲಿ ಪಳಗಿದ ಹುಡುಗನಿಗೆ ಇದು ಕಷ್ಟವೆನಿಸಲಿಲ್ಲ. ಐದಾರು ವರ್ಷಗಳಲ್ಲಿ ಅವರು ಗುರುಗಳ ಮೆಚ್ಚಿನ ಶಿಷ್ಯರಲ್ಲಿ ಒಬ್ಬರಾದರು. 1917ರ ಸುಮಾರಿಗೆ ಗುರುಗಳು ಅವರನ್ನು ಲಾಹೋರದ ಗಾಂಧರ್ವ ಮಹಾವಿದ್ಯಾಲಯಕ್ಕೆ ಪ್ರಾಚಾರ್ಯರನ್ನಾಗಿ ಕಳಿಸಿದರು. ಆಗ ಅವರ ವಯಸ್ಸು ಇಪ್ಪತ್ತು. ಇಂದಿನ ಹುಡುಗರು ಕಾಲೇಜಿನ ಬೆಂಚಿನ ಮೇಲೆ ಕೂಡುವ ವಯಸ್ಸಿನಲ್ಲಿ ಅವರು ಒಂದು ವಿದ್ಯಾಲಯದ ಭಾರವನ್ನು ಹೊತ್ತಿದ್ದರು. ಲಾಹೋರದಲ್ಲಿ ಪತಿಯಾಲಾ ಘರಾಣೆಯ ದೊಡ್ಡ ಉಸ್ತಾದರ ಹಾಡುಗಾರಿಕೆಯನ್ನು ಕೇಳುವ ಅವಕಾಶವೂ ಅವರಿಗೆ ಒದಗಿತು. ಒಂದು ಘರಾಣೆಯಲ್ಲಿ ಕಲಿತರೂ ಇನ್ನೊಂದರ ಗುಣವನ್ನು ಕಾಣುವ ಕಣ್ಣು ಅವರಿಗೆ ಅಲ್ಲಿ ತೆರೆಯಿತು.

ದೇಶಸೇವೆ

ಲಾಹೋರಿನಿಂದ ಮರಳಿ ಬಂದ ಮೇಲೆ ಓಂಕಾರನಾಥರು ಭರೂಚದಲ್ಲಿ ತಮ್ಮದೇ ಆದ ಸಂಗೀತ ಶಾಲೆಯನ್ನು ತೆರೆದರು. ಅದೇ ಕಾಲಕ್ಕೆ ಮಹಾತ್ಮಾ ಗಾಂಧಿಯವರ ಅಸಹಕಾರ ಚಳುವಳಿ ಗುಜರಾತವನ್ನೆಲ್ಲ ಎಚ್ಚರಿಸಿತ್ತು. ಓಂಕಾರನಾಥರು ಅದರಲ್ಲಿ ಧುಮುಕಿದರು. ಭರೂಚ ಜಿಲ್ಲಾ ಕಾಂಗ್ರೆಸ್ ಕಮಿಟಿಯ ಅಧ್ಯಕ್ಷರಾಗಿ ಕೆಲಸ ಮಾಡಿದರು. ಕಾಂಗ್ರೆಸ್ ಅಧಿವೇಶನಗಳಲ್ಲಿ ಅವರು ಹಾಡುತ್ತಿದ್ದ ವಂದೇ ಮಾತರಂ ಗೀತೆಯನ್ನು ಕೇಳಲು ಜನ ಕಾದು ನಿಲ್ಲುತ್ತಿದ್ದರು. ಧ್ವನಿವರ್ಧಕಗಳು ಇನ್ನೂ ಎಲ್ಲೆಡೆ ಬಾರದಿದ್ದ ಆ ಕಾಲದಲ್ಲಿ ಸಾವಿರಾರು ಜನರನ್ನು ಮುಟ್ಟುವ ಕಂಠ ಎಷ್ಟು ಗಟ್ಟಿಯಾಗಿರಬೇಕೆಂಬುದನ್ನು ವಿದ್ಯಾರ್ಥಿಗಳು ಊಹಿಸಿಕೊಳ್ಳಬಹುದು.

ಈ ಕಾಲದಲ್ಲಿಯೇ ಗುರುಗಳ ಮನೆಯಲ್ಲಿ ಒಂದು ದುಃಖದ ಘಟನೆ ನಡೆಯಿತು. ವಿಷ್ಣು ದಿಗಂಬರರು ಮುಂಬಯಿಯ ವಿದ್ಯಾಲಯಕ್ಕೆ ಸಾಲ ಮಾಡಿ ಸ್ವಂತ ಕಟ್ಟಡ ಕಟ್ಟಿಸಿದ್ದರು. ಸಾಲ ತೀರಲಿಲ್ಲ. ಅವರು ಊರೂರು ತಿರುಗಿ ಹಾಡಿ ಗಳಿಸಿದ್ದನ್ನೆಲ್ಲ ಸುರಿದರೂ ಸಾಕಾಗಲಿಲ್ಲ. ಕಡೆಗೆ 1924ರಲ್ಲಿ ಆ ಕಟ್ಟಡ ಹರಾಜಾಯಿತು. ಜೀವಮಾನವೆಲ್ಲ ಸಂಗೀತ ಶಿಕ್ಷಣಕ್ಕಾಗಿ ತೇಯ್ದ ಗುರು 1931ರಲ್ಲಿ ಮಿರಜದಲ್ಲಿ ಕೊನೆಯುಸಿರೆಳೆದರು. ಆ ವರ್ಷವೇ ಶಿಷ್ಯರು ಒಂದುಗೂಡಿ ಗಾಂಧರ್ವ ಮಹಾವಿದ್ಯಾಲಯ ಮಂಡಳವನ್ನು ಸ್ಥಾಪಿಸಿದರು. ಪ್ರವೇಶಿಕಾದಿಂದ ವಿಶಾರದದ ವರೆಗೆ ಇಂದು ನಮ್ಮ ಭಾಗದ ಮಕ್ಕಳು ಕೂಡುವ ಸಂಗೀತ ಪರೀಕ್ಷೆಗಳು ಆ ಮಂಡಳದವೇ.

ಗುರುಗಳ ಈ ಗತಿಯಲ್ಲಿ ನಾವು ಒಂದು ಪಾಠವನ್ನು ಕಾಣುತ್ತೇವೆ. ಒಬ್ಬ ವ್ಯಕ್ತಿಯ ಹೆಗಲ ಮೇಲೆ ನಿಂತ ಸಂಸ್ಥೆ ಆ ಹೆಗಲು ಬಳಲಿದ ದಿನ ಕುಸಿಯುತ್ತದೆ. ಸಂಗೀತ ಶಿಕ್ಷಣ ನಿಲ್ಲಬೇಕಾದರೆ ಅದಕ್ಕೆ ವಿಶ್ವವಿದ್ಯಾಲಯದಂಥ ಗಟ್ಟಿ ತಳಹದಿ ಬೇಕು. ಗುರುಗಳಿಗೆ ಕೈಗೂಡದೆ ಹೋದ ಈ ಕೆಲಸ ಮುಂದೆ ಶಿಷ್ಯರ ಪಾಲಿಗೆ ಬಂದಿತು.

ವಿದೇಶಯಾತ್ರೆ ಮತ್ತು ಪತ್ನೀವಿಯೋಗ

1933ರಲ್ಲಿ ಓಂಕಾರನಾಥರು ಯುರೋಪಿಗೆ ಹೋದರು. ಹಿಂದುಸ್ತಾನಿ ಗಾಯನವನ್ನು ಆ ಖಂಡದ ಜನರ ಮುಂದೆ ಹಾಡಿದ ಮೊದಮೊದಲ ಸಂಗೀತಗಾರರಲ್ಲಿ ಅವರು ಒಬ್ಬರು. ಇಟಲಿಯಲ್ಲಿ ಆಗ ಸರ್ವಾಧಿಕಾರಿಯಾಗಿದ್ದ ಮುಸೊಲಿನಿಯ ಮುಂದೆಯೂ ಹಾಡಿದರು. ಆ ಪ್ರಸಂಗದ ಸುತ್ತ ಹಲವು ಕಥೆಗಳು ಹುಟ್ಟಿಕೊಂಡಿವೆ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವಾಗ ಅವು ಬೆಳೆದಿವೆ. ಕಥೆಗಳಿಗಿಂತ ಮುಖ್ಯವಾದ ಮಾತೆಂದರೆ, ನಮ್ಮ ಸಂಗೀತದ ಭಾಷೆ ತಿಳಿಯದವರ ಮುಂದೆ ಅವರು ರಾಗದಿಂದಲೇ ಭಾವವನ್ನು ತಿಳಿಸುವ ಪ್ರಯತ್ನ ಮಾಡಿದರು. ಶಬ್ದ ತಿಳಿಯದಿದ್ದರೂ ಸ್ವರ ಮನಸ್ಸನ್ನು ಮುಟ್ಟುತ್ತದೆಯೇ ಎಂಬ ಪ್ರಶ್ನೆ ಅವರನ್ನು ಕೊನೆಯ ವರೆಗೂ ಬಿಡಲಿಲ್ಲ.

ಆದರೆ ಆ ಯಾತ್ರೆಯ ಆನಂದ ಬಹು ದಿನ ಉಳಿಯಲಿಲ್ಲ. ಅವರು ಪರದೇಶದಲ್ಲಿದ್ದಾಗಲೇ ಊರಲ್ಲಿ ಪತ್ನಿ ಇಂದಿರಾದೇವಿ ತೀರಿಕೊಂಡರು. ಸುದ್ದಿ ತಿಳಿದ ಓಂಕಾರನಾಥರು ಮುಂದಿನ ಪ್ರವಾಸವನ್ನು ಬಿಟ್ಟು ದೇಶಕ್ಕೆ ಮರಳಿದರು. ಆ ಪೆಟ್ಟು ಅವರನ್ನು ಬಹಳವಾಗಿ ಅಲುಗಾಡಿಸಿತು. ಅವರು ಮತ್ತೆ ಮದುವೆಯಾಗಲಿಲ್ಲ. ಅಂದಿನಿಂದ ರಾಜಕೀಯವನ್ನೂ ಹಿಂದಕ್ಕೆ ಸರಿಸಿ, ಉಳಿದ ಆಯುಷ್ಯವನ್ನೆಲ್ಲ ಸಂಗೀತಕ್ಕೆ ಒಪ್ಪಿಸಿದರು. ಅವರ ಹಾಡಿನಲ್ಲಿ ಕೇಳುಗರ ಕಣ್ಣು ನೆನೆಯಿಸುವ ಕರುಣರಸ ಕಾಣುವುದಕ್ಕೆ ಈ ನೋವೂ ಒಂದು ಕಾರಣವಿದ್ದೀತು.

ಅವರ ಗಾಯನದ ರೀತಿ

ಓಂಕಾರನಾಥರ ಗಾಯನದ ವಿಶೇಷವನ್ನು ವಿದ್ಯಾರ್ಥಿಗಳಿಗೆ ತಿಳಿಯುವಂತೆ ಹೇಳಬೇಕಾದರೆ ಒಂದು ಉದಾಹರಣೆ ಕೊಡಬಹುದು. ಬಾ ಎಂಬ ಒಂದಕ್ಷರದ ಮಾತನ್ನೇ ತೆಗೆದುಕೊಳ್ಳಿರಿ. ತಾಯಿ ಮಗುವನ್ನು ಕರೆಯುವಾಗಿನ ಬಾ ಬೇರೆ. ಗುರುಗಳು ಸಿಟ್ಟಿನಿಂದ ಕರೆಯುವಾಗಿನ ಬಾ ಬೇರೆ. ಹೊರಟುಹೋಗುವವರನ್ನು ಅಂಗಲಾಚಿ ಕರೆಯುವ ಬಾ ಬೇರೆ. ಅಕ್ಷರ ಒಂದೇ, ಧ್ವನಿ ತಿರುಗಿದಂತೆ ಅರ್ಥವೂ ತಿರುಗುತ್ತದೆ. ನಮ್ಮ ಹಳೆಯ ಶಾಸ್ತ್ರಕಾರರು ಇದನ್ನು ಕಾಕು ಎಂದು ಕರೆದಿದ್ದಾರೆ. ಓಂಕಾರನಾಥರು ಈ ಕಾಕುವನ್ನು ರಾಗದ ಒಳಗೆ ತಂದರು. ಒಂದೇ ಶಬ್ದವನ್ನು ಹತ್ತು ರೀತಿಯಲ್ಲಿ ಹಾಡಿ ಹತ್ತು ಭಾವ ಹುಟ್ಟಿಸುತ್ತಿದ್ದರು. ಒಮ್ಮೆ ಪಿಸುಮಾತಿನಷ್ಟು ಮೆಲ್ಲಗೆ, ಮರುಕ್ಷಣದಲ್ಲಿ ಸಿಡಿಲಿನಂತೆ ಅವರ ದನಿ ಏರಿಳಿಯುತ್ತಿತ್ತು.

ಮೀರಾಬಾಯಿಯ, ಸೂರದಾಸರ ಭಜನೆಗಳನ್ನು ಅವರು ಹಾಡಿದ ಧ್ವನಿಮುದ್ರಿಕೆಗಳು ಮನೆಮನೆಗೆ ಹೋದವು. ದಕ್ಷಿಣದವರು ಜೋಗುಳದ ರಾಗವೆಂದು ಪ್ರೀತಿಸುವ ನೀಲಾಂಬರಿಯನ್ನೂ ಅವರು ತಮ್ಮ ರೀತಿಯಲ್ಲಿ ಹಾಡಿ ಮುದ್ರಿಕೆ ಕೊಟ್ಟರು. ಪ್ರಣವರಂಗ ಎಂಬ ಅಂಕಿತದಿಂದ ಅನೇಕ ಚೀಜುಗಳನ್ನೂ ರಚಿಸಿದರು.

ಅವರ ರೀತಿಯನ್ನು ಎಲ್ಲರೂ ಒಪ್ಪಿದರೆಂದಲ್ಲ. ರಾಗದ ಶುದ್ಧಿಗಿಂತ ಭಾವದ ಆವೇಶ ಹೆಚ್ಚಾಯಿತೆಂದು, ಸಂಗೀತದಲ್ಲಿ ನಾಟಕ ಹೊಕ್ಕಿತೆಂದು ಕೆಲವು ಹಿರಿಯ ವಿದ್ವಾಂಸರು ಆಕ್ಷೇಪಿಸಿದರು. ಓಂಕಾರನಾಥರೂ ಮಾತಿನಲ್ಲಿ ಮೆತ್ತಗಿನವರಲ್ಲ. ತಮಗೆ ಸರಿಯೆಂದು ತೋರಿದ್ದನ್ನು ಸಭೆಯಲ್ಲಿ ನಿಂತು ವಾದಿಸುತ್ತಿದ್ದರು. ಇಂಥ ವಾದಗಳಿಂದ ಕಹಿಯೂ ಹುಟ್ಟಿತು, ಸಂಗೀತದ ವಿಷಯದಲ್ಲಿ ವಿಚಾರ ಮಾಡುವ ಅಭ್ಯಾಸವೂ ಬೆಳೆಯಿತು. ಆಕ್ಷೇಪಕ್ಕೆ ಉತ್ತರ ಕೊಡಬೇಕಾದರೆ ಬರಿಯ ಕಂಠ ಸಾಲದು, ಶಾಸ್ತ್ರ ಬೇಕು. ಆದ್ದರಿಂದ ಶಾಲೆಗೆ ಸರಿಯಾಗಿ ಹೋಗದಿದ್ದ ಈ ಮನುಷ್ಯರು ದೊಡ್ಡವರಾದ ಮೇಲೆ ಭರತನ ನಾಟ್ಯಶಾಸ್ತ್ರವನ್ನೂ ಇತರ ಸಂಸ್ಕೃತ ಗ್ರಂಥಗಳನ್ನೂ ಹಿಡಿದು ಅಭ್ಯಾಸಕ್ಕೆ ಕುಳಿತರು. ಗಿರಣಿಯಲ್ಲಿ ದುಡಿದ ಕೈ ಗ್ರಂಥ ಬರೆಯಿತು. 1938ರಿಂದ ಮೊದಲಾಗಿ ಸಂಗೀತಾಂಜಲಿ ಎಂಬ ಅವರ ಪಠ್ಯಗ್ರಂಥ ಭಾಗ ಭಾಗವಾಗಿ ಹೊರಬಂದು, 1962ರ ಹೊತ್ತಿಗೆ ಆರು ಭಾಗಗಳಾದವು. ಕಲಿಯುವವನು ಮೊದಲ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಹತ್ತುವಂತೆ ರಾಗಗಳನ್ನೂ ಚೀಜುಗಳನ್ನೂ ಸ್ವರಲಿಪಿಯೊಡನೆ ಅದರಲ್ಲಿ ಜೋಡಿಸಿದ್ದಾರೆ.

1947ರ ಆಗಸ್ಟ್ 15ರ ಬೆಳಿಗ್ಗೆ, ಸ್ವತಂತ್ರ ಭಾರತದ ಮೊದಲ ದಿನ, ಆಕಾಶವಾಣಿಯಿಂದ ವಂದೇ ಮಾತರಂ ಗೀತೆಯನ್ನು ಹಾಡುವ ಭಾಗ್ಯ ಓಂಕಾರನಾಥರಿಗೆ ದೊರೆಯಿತು. ಅಜ್ಜ ಯಾವ ಸ್ವಾತಂತ್ರ್ಯಕ್ಕಾಗಿ ಕತ್ತಿ ಹಿಡಿದಿದ್ದರೋ ಆ ಸ್ವಾತಂತ್ರ್ಯ ಬಂದ ದಿನ ಮೊಮ್ಮಗ ಹಾಡಿದರು.

ಕಾಶಿಯಲ್ಲಿ ಆಚಾರ್ಯಪೀಠ

ಪಂಡಿತ ಮದನಮೋಹನ ಮಾಲವೀಯರು 1916ರಲ್ಲಿ ಕಾಶಿಯಲ್ಲಿ ಹಿಂದೂ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ಅಲ್ಲಿ ಇತರ ಶಾಸ್ತ್ರಗಳ ಜೊತೆಗೆ ಸಂಗೀತಕ್ಕೂ ಸ್ಥಾನವಿರಬೇಕೆಂಬುದು ಅವರ ಬಹು ದಿನಗಳ ಬಯಕೆ. ಓಂಕಾರನಾಥರ ಮೇಲೆ ಅವರಿಗೆ ಬಹಳ ವಿಶ್ವಾಸ. ಆದರೆ ಮಾಲವೀಯರು 1946ರಲ್ಲಿ ತೀರಿಕೊಂಡರು; ಬಯಕೆ ಅವರ ಕಣ್ಣೆದುರಿಗೆ ಪೂರೈಸಲಿಲ್ಲ. ಅವರ ಮಗ ಗೋವಿಂದ ಮಾಲವೀಯರು ಉಪಕುಲಪತಿಗಳಾಗಿದ್ದಾಗ, 1950ರಲ್ಲಿ, ವಿಶ್ವವಿದ್ಯಾಲಯದಲ್ಲಿ ಶ್ರೀಕಲಾ ಸಂಗೀತ ಭಾರತಿ ಎಂಬ ಸಂಗೀತ ಮಹಾವಿದ್ಯಾಲಯ ಪ್ರಾರಂಭವಾಯಿತು. ಅದರ ಮುಖ್ಯಸ್ಥರಾಗಿ ಬಂದವರು ಓಂಕಾರನಾಥರು.

ಆಗ ಅವರಿಗೆ ಐವತ್ತಮೂರು ವರ್ಷ. ದೇಶದ ತುಂಬ ಕೀರ್ತಿ, ಕಛೇರಿಗಳಿಗೆ ಬೇಡಿಕೆ. ಹಾಡುತ್ತ ತಿರುಗಿದ್ದರೆ ಸುಖವಾಗಿ ಕಾಲ ಕಳೆಯಬಹುದಾಗಿತ್ತು. ಆದರೂ ಅವರು ಒಂದು ಹೊಸ ವಿದ್ಯಾಲಯವನ್ನು ಮೊದಲಿನಿಂದ ಕಟ್ಟುವ ಕೆಲಸಕ್ಕೆ ಕೈಹಾಕಿದರು. ವಿಷ್ಣು ದಿಗಂಬರರ ಕಟ್ಟಡ ಹರಾಜಾಗಿ ಆಗಲೇ ಇಪ್ಪತ್ತಾರು ವರ್ಷಗಳಾಗಿದ್ದವು. ಸಾಲಗಾರರು ಬಂದು ಹರಾಜು ಹಾಕಲಾರದ ಒಂದು ಮನೆ ಸಂಗೀತಕ್ಕೆ ಈಗ ದೊರೆಯಿತು.

ಕಾಶಿಯಲ್ಲಿ ಅವರ ಮುಂದೆ ಎರಡು ಪ್ರಶ್ನೆಗಳಿದ್ದವು. ಗುರುವಿನ ಎದುರಿಗೆ ವರ್ಷಗಟ್ಟಲೆ ಕುಳಿತು ಕಲಿಯುವ ವಿದ್ಯೆಯನ್ನು ಗಂಟೆ ಬಾರಿಸಿದಾಗ ಮುಗಿಯುವ ತರಗತಿಯಲ್ಲಿ ಕಲಿಸುವುದು ಹೇಗೆ ಎಂಬುದು ಒಂದು. ಹಾಡಬಲ್ಲವರಿಗೆ ಶಾಸ್ತ್ರ ತಿಳಿಯದು, ಶಾಸ್ತ್ರ ಬಲ್ಲವರಿಗೆ ಹಾಡಲು ಬಾರದು. ಈ ಇಬ್ಬರನ್ನೂ ಒಬ್ಬನಲ್ಲಿಯೇ ಕೂಡಿಸುವುದು ಹೇಗೆ ಎಂಬುದು ಇನ್ನೊಂದು. ಎರಡಕ್ಕೂ ಅವರು ತಮ್ಮ ನಡತೆಯಿಂದಲೇ ಉತ್ತರ ಕೊಟ್ಟರು. ಸೋದಾಹರಣ ಉಪನ್ಯಾಸಗಳಲ್ಲಿ ಒಂದು ಮಾತು ಹೇಳಿ, ಕೂಡಲೇ ಅದನ್ನು ಹಾಡಿ ತೋರಿಸುತ್ತಿದ್ದರು. ಒಳ್ಳೆಯ ಶಿಷ್ಯರು ಸಿಕ್ಕರೆ ಅವರಿಗೆ ಗಂಟೆಯ ಲೆಕ್ಕವಿರಲಿಲ್ಲ. ತರಗತಿಯ ಪಾಠ ಮುಗಿದ ಮೇಲೆ ಮನೆಯ ಪಾಠ ನಡೆಯುತ್ತಿತ್ತು. ಹೊಸ ವಿಶ್ವವಿದ್ಯಾಲಯದ ಒಳಗೆ ಹಳೆಯ ಗುರುಕುಲವನ್ನು ಅವರು ಜೀವಂತವಾಗಿಟ್ಟರು.

1956ರಲ್ಲಿ ಅವರ ಪ್ರಣವ ಭಾರತಿ ಎಂಬ ಶಾಸ್ತ್ರಗ್ರಂಥ ಹೊರಬಂದಿತು. ಸ್ವರ, ಶ್ರುತಿ, ಗ್ರಾಮ, ಮೂರ್ಛನೆ ಮೊದಲಾದ ಪ್ರಾಚೀನ ವಿಚಾರಗಳನ್ನು ಅದರಲ್ಲಿ ಚರ್ಚಿಸಿದ್ದಾರೆ. ಪಂಡಿತ ಭಾತಖಂಡೆಯವರು ಹಿಂದುಸ್ತಾನಿ ರಾಗಗಳನ್ನೆಲ್ಲ ಹತ್ತು ಥಾಟುಗಳಲ್ಲಿ ವಿಂಗಡಿಸಿದ್ದರು. ಕಲಿಯುವವರಿಗೆ ಅದರಿಂದ ಬಹಳ ಅನುಕೂಲವಾಯಿತು. ಓಂಕಾರನಾಥರಿಗೆ ಆ ವಿಂಗಡಣೆ ಒಪ್ಪಿಗೆಯಾಗಲಿಲ್ಲ. ರಾಗದ ಮೂಲವನ್ನು ಭರತನ ಪರಂಪರೆಯಲ್ಲಿ ಹುಡುಕಬೇಕೆಂದು ಅವರು ವಾದಿಸಿದರು. ಇಬ್ಬರ ದಾರಿಗಳು ಬೇರೆಯಾದರೂ ಇಬ್ಬರೂ ಮುಟ್ಟಬೇಕೆಂದ ಊರು ಒಂದೇ. ಸಂಗೀತವೂ ವಿಚಾರ ಮಾಡಿ ಕಲಿಯಬೇಕಾದ ಶಾಸ್ತ್ರವೆಂಬುದನ್ನು ಇಬ್ಬರೂ ಲೋಕಕ್ಕೆ ತೋರಿಸಿಕೊಟ್ಟರು.

ಶಿಷ್ಯಸಂಪತ್ತು

ಗುರುವನ್ನು ಅಳೆಯುವ ಅಳತೆಗೋಲು ಶಿಷ್ಯರೇ. ಓಂಕಾರನಾಥರ ಶಿಷ್ಯರಲ್ಲಿ ಮೂವರನ್ನು ಇಲ್ಲಿ ನೆನೆಯುತ್ತೇವೆ. ಪ್ರೇಮಲತಾ ಶರ್ಮಾ ಅವರು ಗುರುಗಳ ಶಾಸ್ತ್ರದ ಅಂಗವನ್ನು ಬೆಳೆಸಿದರು. ಹಳೆಯ ಸಂಸ್ಕೃತ ಸಂಗೀತ ಗ್ರಂಥಗಳನ್ನು ಸಂಶೋಧಿಸಿ, ಮತಂಗನ ಬೃಹದ್ದೇಶಿಯಂಥ ಗ್ರಂಥವನ್ನು ಸಂಪಾದಿಸಿದರು. ಕಾಶಿಯಲ್ಲಿ ಸಂಗೀತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ, ಮುಂದೆ ಖೈರಾಗಢದ ಸಂಗೀತ ವಿಶ್ವವಿದ್ಯಾಲಯದ ಉಪಕುಲಪತಿಗಳೂ ಆದರು. ಹೆಣ್ಣುಮಕ್ಕಳು ಹಾಡುವುದನ್ನೇ ಸಮಾಜ ಒಪ್ಪದಿದ್ದ ಕಾಲವೊಂದಿತ್ತು. ಅಲ್ಲಿಂದ ಒಬ್ಬ ಮಹಿಳೆ ಸಂಗೀತ ವಿಶ್ವವಿದ್ಯಾಲಯವನ್ನೇ ನಡೆಸುವ ಕಾಲ ಬಂದಿತು. ಅವರು 1998ರಲ್ಲಿ ತೀರಿಕೊಂಡರು.

ಎನ್. ರಾಜಂ ಅವರು ದಕ್ಷಿಣದ ಪಿಟೀಲು ವಿದ್ವಾಂಸರ ಮನೆತನದಲ್ಲಿ 1938ರಲ್ಲಿ ಹುಟ್ಟಿ, ಕರ್ನಾಟಕ ಸಂಗೀತದಲ್ಲಿ ಪಳಗಿದವರು. ಓಂಕಾರನಾಥರ ಗಾಯನಕ್ಕೆ ಮಾರುಹೋಗಿ ಅವರ ಶಿಷ್ಯರಾದರು. ಗುರುಗಳ ಕಂಠದ ಎಲ್ಲ ತಿರುವುಗಳನ್ನು ಪಿಟೀಲಿನ ತಂತಿಯ ಮೇಲೆ ತಂದು, ಹಾಡುವ ಪಿಟೀಲೆಂದು ಜನ ಕರೆಯುವಂಥ ಶೈಲಿಯನ್ನು ರೂಪಿಸಿದರು. ಕಾಶಿಯ ಅದೇ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾಗಿ ಸೇರಿ, ಸಂಗೀತ ವಿಭಾಗದ ಮುಖ್ಯಸ್ಥರಾಗಿ ಗುರುಗಳು ಕುಳಿತ ಸ್ಥಾನಕ್ಕೆ ಬಂದರು. ಮೂರನೆಯವರು ಬಲವಂತರಾಯ ಭಟ್ಟರು. ಕಣ್ಣು ಕಾಣದಿದ್ದರೂ ಅವರು ಗುರುಗಳ ವಿದ್ಯೆಯನ್ನು ಅರಗಿಸಿಕೊಂಡು, ಕಾಶಿಯಲ್ಲಿಯೇ ಅನೇಕರಿಗೆ ಪಾಠ ಹೇಳಿದರು. ಅನೇಕ ಚೀಜುಗಳನ್ನು ರಚಿಸಿದರು. ಒಬ್ಬರು ಶಾಸ್ತ್ರಕ್ಕೆ, ಒಬ್ಬರು ವಾದ್ಯಕ್ಕೆ, ಒಬ್ಬರು ಗಾಯನಕ್ಕೆ. ಗುರುವಿನ ಆಸ್ತಿಯನ್ನು ಮೂವರೂ ಹಂಚಿಕೊಂಡರು. ಈ ಆಸ್ತಿಯ ಗುಣವೇ ಹಾಗೆ. ಹಂಚಿದಷ್ಟೂ ಅದು ಬೆಳೆಯುತ್ತದೆ.

ಕೊನೆಯ ದಿನಗಳು

1954ರಲ್ಲಿ ಓಂಕಾರನಾಥರಿಗೆ ಹೃದಯಾಘಾತವಾಯಿತು. ಆದರೂ ಪಾಠವನ್ನೂ ಬರವಣಿಗೆಯನ್ನೂ ಬಿಡಲಿಲ್ಲ. 1955ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ಕೊಟ್ಟಿತು. 1963ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದೇ ವರ್ಷ ಕಾಶಿಯ ಹಿಂದೂ ವಿಶ್ವವಿದ್ಯಾಲಯವೂ, ಮರುವರ್ಷ ಕಲಕತ್ತೆಯ ರವೀಂದ್ರ ಭಾರತಿ ವಿಶ್ವವಿದ್ಯಾಲಯವೂ ಅವರಿಗೆ ಗೌರವ ಡಾಕ್ಟರೇಟ್ ನೀಡಿದವು. ಒಂದು ಪರೀಕ್ಷೆಗೂ ಕೂಡುವ ಅನುಕೂಲವಿಲ್ಲದೆ ಬೆಳೆದ ಭರೂಚದ ಹುಡುಗನಿಗೆ ಎರಡು ವಿಶ್ವವಿದ್ಯಾಲಯಗಳು ತಾವಾಗಿಯೇ ಪದವಿ ಕೊಟ್ಟವು.

1965ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಸಾವಿರಾರು ಜನರನ್ನು ಹಿಡಿದು ಕೂಡಿಸುತ್ತಿದ್ದ ಆ ಗಟ್ಟಿಮುಟ್ಟಾದ ದೇಹ ಹಾಸಿಗೆ ಹಿಡಿಯಿತು. ಎರಡು ವರ್ಷಗಳ ನಂತರ, 1967ರ ಡಿಸೆಂಬರ್ 29ರಂದು, ಅವರು ನಾದದಲ್ಲಿ ಲೀನರಾದರು. ಕಾಶಿಯ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಸಭಾಗೃಹವಿದೆ. ಅವರ ಜನ್ಮಶತಮಾನೋತ್ಸವದ ವರ್ಷವಾದ 1997ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು.

ನಾವು ಕಲಿಯಬೇಕಾದುದು

ವಿದ್ಯಾರ್ಥಿಮಿತ್ರರೇ, ಈ ಚರಿತ್ರೆಯಿಂದ ನಾವು ತಿಳಿಯಬೇಕಾದ ಸಂಗತಿಗಳು ಹಲವು. ಬಡತನವು ವಿದ್ಯೆಗೆ ಅಡ್ಡಗೋಡೆಯಾಗುತ್ತದೆ ಎಂಬುದು ನಿಜ; ಆದರೆ ಒಬ್ಬ ಡುಂಗಾಜಿ ಸಿಕ್ಕರೆ ಆ ಗೋಡೆಯಲ್ಲಿ ಬಾಗಿಲು ತೆರೆಯುತ್ತದೆ. ನಮ್ಮಲ್ಲಿ ಉಳ್ಳವರು ಅಂಥ ಬಾಗಿಲು ತೆರೆಯುವ ಮನಸ್ಸು ಮಾಡಬೇಕು. ದೇವರು ಕೊಟ್ಟ ಕಂಠವಿದ್ದರೂ ಅಭ್ಯಾಸವಿಲ್ಲದೆ ಅದು ಬೆಳೆಯುವುದಿಲ್ಲ. ಅಭ್ಯಾಸವಿದ್ದರೂ ವಿಚಾರವಿಲ್ಲದೆ ಅದು ನಿಲ್ಲುವುದಿಲ್ಲ. ಚಿಕ್ಕಂದಿನಲ್ಲಿ ಓದು ತಪ್ಪಿದರೂ ದೊಡ್ಡವರಾದ ಮೇಲೆ ಗ್ರಂಥ ಹಿಡಿಯಲು ನಾಚಬೇಕಾಗಿಲ್ಲ.

ಪಾಲಕರಲ್ಲಿಯೂ ಒಂದು ಅರಿಕೆ. ಪರೀಕ್ಷೆ ಹತ್ತಿರ ಬಂದಾಗ ಸಂಗೀತದ ತಾಸನ್ನು ಗಣಿತಕ್ಕೋ ಇಂಗ್ಲಿಷಿಗೋ ಕೊಟ್ಟರೆ ಏನೂ ನಷ್ಟವಿಲ್ಲವೆಂದು ನಮ್ಮಲ್ಲಿ ಅನೇಕರು ತಿಳಿಯುತ್ತಾರೆ. ಹಾಡುವ ಹುಡುಗನನ್ನು, ಅದರಲ್ಲಿಯೂ ಹಾಡುವ ಹುಡುಗಿಯನ್ನು, ಹಾಡು ಹೊಟ್ಟೆ ತುಂಬಿಸುತ್ತದೆಯೇ ಎಂದು ಕೇಳಿ ಸುಮ್ಮನಾಗಿಸುತ್ತಾರೆ. ಆ ಒಂದು ತಾಸು ವೇಳಾಪತ್ರಿಕೆಯಲ್ಲಿ ತಾನಾಗಿ ಬಂದು ಕುಳಿತದ್ದಲ್ಲ. ಅದಕ್ಕಾಗಿ ಕುರುಂದವಾಡದ ಒಬ್ಬ ಗುರು ತನ್ನ ಕಟ್ಟಡವನ್ನು ಕಳೆದುಕೊಂಡನು. ಭರೂಚದ ಒಬ್ಬ ಶಿಷ್ಯ ಕೀರ್ತಿಯ ನಡುವಯಸ್ಸಿನಲ್ಲಿ ಪಾಠದ ಮಣೆಯ ಮೇಲೆ ಕುಳಿತನು. ಗಡಿಯಲ್ಲಿ ಬಾಳುವ ನಮಗೆ ಇದು ಇನ್ನಷ್ಟು ಮುಖ್ಯ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್ ಹಿಂದಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಎಲ್ಲ ಭಾಷೆಯವರೂ ಕೂಡಿ ಕುಳಿತು ಕೇಳಬಹುದಾದ ವಿದ್ಯೆ ಒಂದಿದ್ದರೆ ಅದು ಸಂಗೀತ. ಕನ್ನಡದ ದಾಸರ ಪದವೂ ಮರಾಠಿಯ ಸಂತರ ಅಭಂಗವೂ ನಮ್ಮ ಊರುಗಳ ಭಜನೆಗಳಲ್ಲಿ ಒಂದೇ ತಾಳಕ್ಕೆ ನಡೆಯುವುದನ್ನು ನಾವು ಕಾಣುತ್ತಲೇ ಇದ್ದೇವೆ.

ಇಂದು ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿ ಸಂಗೀತಕ್ಕಾಗಿಯೇ ಒಂದು ವಿಶ್ವವಿದ್ಯಾಲಯವಿದೆ. ನಮ್ಮ ಶಾಲೆಯ ಮಗುವೊಂದು ನಾಳೆ ಅಲ್ಲಿಯೋ, ಧಾರವಾಡದಲ್ಲಿಯೋ, ಕಾಶಿಯಲ್ಲಿಯೋ ತಂಬೂರಿ ಹಿಡಿದು ಕುಳಿತರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂಥ ಮಗುವಿನ ಕಂಠವನ್ನು ಇಂದೇ ಗುರುತಿಸುವ ಕೆಲಸ ನಮ್ಮೆಲ್ಲರದು.